ಧಾನ್ಯಾಮ್ಲ, ಸುರೆ, ಅಂಬಲಿ: ತುಂಗಭದ್ರಾತೀರದ ಒಂದು ಪಾಕದಿಂದ ಶಬ್ದಾರ್ಥವಿಚಾರ

೧. ವಿಷಯೋಪಕ್ರಮ

ಕಾಂಜಿಕ, ಸೌವೀರ, ತುಷೋದಕ, ಆರನಾಲ, ಧಾನ್ಯಾಮ್ಲ ಎಂಬ ಶಬ್ದಗಳು ಸಂಸ್ಕೃತ ಪ್ರಾಕೃತ ಗ್ರಂಥಗಳಲ್ಲಿ ಅಲ್ಲಲ್ಲಿ ಬರುತ್ತವೆ. ಇವುಗಳಿಗೆ ಕನ್ನಡದಲ್ಲಿ ಅರ್ಥ ಹೇಳುವಾಗ ಎರಡು ಬಗೆಯ ಪ್ರಮಾದಗಳು ಸಂಭವಿಸುತ್ತವೆ. ಕಾಂಜಿಕವೆಂದೊಡನೆ 'ಗಂಜಿ' ಎಂದು ಬರೆದು ಮುಂದೆ ಸಾಗುವುದು ಒಂದು. ಸೌವೀರ ತುಷೋದಕಗಳು ವೈದ್ಯಗ್ರಂಥಗಳ ಮದ್ಯವರ್ಗದಲ್ಲಿ ಎಣಿಸಲ್ಪಟ್ಟಿರುವುದನ್ನು ಕಂಡು 'ಒಂದು ಬಗೆಯ ಮದ್ಯ' ಎಂದು ಬರೆಯುವುದು ಇನ್ನೊಂದು. ಈ ಎರಡು ಅರ್ಥಗಳೂ ಪ್ರಕರಣಕ್ಕೆ ಹೊಂದದೆ ಹೋಗುವ ಸ್ಥಳಗಳು ಅನೇಕವಾಗಿವೆ.

ರಸಶಾಸ್ತ್ರದಲ್ಲಿ ಪಾದರಸವನ್ನು ಬಟ್ಟೆಯಲ್ಲಿ ಕಟ್ಟಿ, ದೋಲಾಯಂತ್ರದಲ್ಲಿ ತೂಗಬಿಟ್ಟು, ಕಾಂಜಿಕದಲ್ಲಿ ಸ್ವೇದನ ಮಾಡಬೇಕೆಂದು ವಿಧಿಯುಂಟು. ಇಲ್ಲಿ ಕಾಂಜಿಕವೆಂದರೆ ಅನ್ನದ ತಿಳಿಗಂಜಿಯೆಂದು ತಿಳಿದರೆ ವಿಧಿಯೇ ನಿರರ್ಥಕವಾಗುತ್ತದೆ. ಅಲ್ಲಿ ಬೇಕಾದುದು ಹುಳಿ. ಶ್ವೇತಾಂಬರ ಜೈನರ ಕಲ್ಪಸೂತ್ರದಲ್ಲಿ ಉಪವಾಸವ್ರತದಲ್ಲಿರುವ ಮುನಿಗಳು ಸ್ವೀಕರಿಸಬಹುದಾದ ಪಾನಗಳೊಳಗೆ ತುಷೋದಕ, ಯವೋದಕ, ಸೌವೀರಗಳ ಹೆಸರುಗಳಿವೆ. ಬೌದ್ಧರ ವಿನಯಪಿಟಕದ ಮಹಾವಗ್ಗದಲ್ಲಿ ಉದರವಾತದಿಂದ ಪೀಡಿತನಾದ ಭಿಕ್ಷುವಿಗೆ ಉಪ್ಪು ಬೆರೆತ ಸೌವೀರವನ್ನು ಔಷಧವಾಗಿ ಅನುಮತಿಸಿ, ಆರೋಗ್ಯವಂತನು ಅದನ್ನೇ ನೀರು ಬೆರೆಸಿ ಪಾನಕವಾಗಿ ಕುಡಿಯಬಹುದೆಂದು ಹೇಳಿದೆ. ಮದ್ಯಪಾನವನ್ನು ಕಟ್ಟುನಿಟ್ಟಾಗಿ ನಿಷೇಧಿಸಿದ ಎರಡು ಶಾಸನಗಳೂ ಮದ್ಯವನ್ನೇ ಅನುಮತಿಸಿದುವೆಂದು ಹೇಳಲಾಗದು. ಆದುದರಿಂದ ಸೌವೀರಕ್ಕೆ 'ಮದ್ಯ'ವೆಂಬ ಅರ್ಥವೂ ನಿಲ್ಲದು.

ಹಾಗಾದರೆ ಈ ದ್ರವ್ಯ ಯಾವುದು? ಸುರೆಗೂ ಇದಕ್ಕೂ ಇರುವ ಸಂಬಂಧವೇನು, ಭೇದವೇನು? ಕೋಶಗಳನ್ನು ಮಾತ್ರ ತಿರುವಿಹಾಕಿದರೆ ಇದಕ್ಕೆ ಉತ್ತರ ದೊರೆಯುವುದಿಲ್ಲ. ಶಬ್ದದ ಹಿಂದೆ ಪಾಕವಿದೆ. ಪಾಕವನ್ನು ತಿಳಿದಲ್ಲದೆ ಶಬ್ದವು ತಿಳಿಯದು. ಆ ಪಾಕದ ಅತಿ ಸರಳವಾದ ರೂಪವು ಕೃಷ್ಣಾ ತುಂಗಭದ್ರೆಗಳ ನಡುವಣ ರಾಯಚೂರು ಸೀಮೆಯಲ್ಲಿ, ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲೂಕುಗಳ ಅಡಿಗೆಮನೆಗಳಲ್ಲಿ ಅಂಬಲಿಯೆಂಬ ಹೆಸರಿನಿಂದ ಉಳಿದುಬಂದಿದೆ. ಅದನ್ನು ಪ್ರಮಾಣವಾಗಿಟ್ಟುಕೊಂಡು ಗ್ರಂಥಗಳನ್ನು ಓದುವುದು ಈ ಲೇಖನದ ಉದ್ದೇಶ.

೨. ಧಾನ್ಯದ ಮೂರು ಪರಿಣಾಮಗಳು

ಧಾನ್ಯದಲ್ಲಿರುವ ಸಾರವು ಬಹುಮಟ್ಟಿಗೆ ಪಿಷ್ಟ. ಪಿಷ್ಟವು ತಾನಾಗಿ ಸಿಹಿಯಲ್ಲ, ಹುಳಿಯಲ್ಲ, ಮದಕರವೂ ಅಲ್ಲ. ಅದು ಮೂರು ಪರಿಣಾಮಗಳನ್ನು ಹೊಂದಬಲ್ಲದು.

ಮೊದಲನೆಯದು ಸಿಹಿ. ಧಾನ್ಯವನ್ನು ನೆನೆಯಿಸಿ ಮೊಳಕೆ ಬರಿಸಿದರೆ, ಎಳೆಯ ಸಸಿಗೆ ಆಹಾರವನ್ನೊದಗಿಸುವುದಕ್ಕಾಗಿ ಬೀಜದೊಳಗೆ ಪಿಷ್ಟವನ್ನು ಒಡೆಯುವ ಪಾಚಕದ್ರವ್ಯಗಳು ಹುಟ್ಟುತ್ತವೆ. ಮೊಳಕೆಯ ಧಾನ್ಯವನ್ನು ಒಣಗಿಸಿ, ಬೀಸಿ, ಹದವಾದ ಬಿಸಿನೀರಿನಲ್ಲಿ ಕಲಸಿಟ್ಟರೆ ಪಿಷ್ಟವು ಸಕ್ಕರೆಯಾಗಿ ಮಾರ್ಪಡುತ್ತದೆ. ಬಾರ್ಲಿಯೆನ್ನುವ ಯವಧಾನ್ಯದ ಮೊಳಕೆಗೆ ಈ ಹದವು ಸುಮಾರು ೬೨ರಿಂದ ೬೮ ಡಿಗ್ರಿ ಸೆಂಟಿಗ್ರೇಡ್. ಬಿಸಿ ಕಡಮೆಯಾದರೆ ಕೆಲಸ ನಿಧಾನ. ೭೫ ಡಿಗ್ರಿಯನ್ನು ಮೀರಿದರೆ ಪಾಚಕಗಳು ಬೇಗನೆ ನಾಶವಾಗುತ್ತವೆ. ಪಾಶ್ಚಾತ್ಯರ ಬೀರ್ ಪಾಕದಲ್ಲಿ 'ಮ್ಯಾಶ್' ಎಂದು ಕರೆಯುವುದು ಈ ಕಲಸುವಿಕೆಯನ್ನೇ.

ಎರಡನೆಯದು ಹುಳಿ. ಧಾನ್ಯದ ಮೇಲೂ, ಮಡಕೆಯ ಒಳಮೈಯಲ್ಲೂ, ಮಜ್ಜಿಗೆಯಲ್ಲೂ ಇರುವ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ಲ್ಯಾಕ್ಟಿಕ್ ಅಮ್ಲವನ್ನಾಗಿ ಮಾಡುತ್ತವೆ. ಹಾಲು ಮೊಸರಾಗುವುದೂ ಹಿಟ್ಟು ಹುಳಿಯೇಳುವುದೂ ಒಂದೇ ಜಾತಿಯ ಕಾರ್ಯ.

ಮೂರನೆಯದು ಮದ. ಯೀಸ್ಟ್ ಎಂಬ ಮತ್ತೊಂದು ಸೂಕ್ಷ್ಮಜೀವಿಯು ಸಕ್ಕರೆಯನ್ನು ಮದ್ಯಸಾರವನ್ನಾಗಿ ಮಾಡುತ್ತದೆ. ಇದಕ್ಕೆ ಸಕ್ಕರೆ ಹೇರಳವಾಗಿ ಬೇಕು. ಸಕ್ಕರೆಯಾಗದ ಬರಿಯ ಪಿಷ್ಟದ ಮೇಲೆ ಸಾಮಾನ್ಯವಾದ ಯೀಸ್ಟಿನ ಕೈ ನಡೆಯದು.

ಇಲ್ಲಿ ಗಮನಿಸತಕ್ಕ ಮುಖ್ಯವಾದ ಅಂಶವೊಂದಿದೆ. ಹುಳಿಗೆ ಸ್ವಲ್ಪ ಸಕ್ಕರೆ ಸಾಕು. ಹಿಟ್ಟಿನಲ್ಲಿ ಸಹಜವಾಗಿರುವ ಅಲ್ಪಸ್ವಲ್ಪ ಸಕ್ಕರೆಯೇ ಅಂಬಲಿಯನ್ನು ಹುಳಿಮಾಡಬಲ್ಲದು. ಮದಕ್ಕೆ ಹಾಗಲ್ಲ. ಧಾನ್ಯದಿಂದ ಮದ್ಯವಾಗಬೇಕಾದರೆ ಪಿಷ್ಟವನ್ನು ಸಿಹಿಗೊಳಿಸುವ ಸಾಧನವೊಂದು, ಮೊಳಕೆಯಾಗಲಿ ಬೂಷ್ಟಿನಿಂದಾದ ಹುದುಗಾಗಲಿ, ಬೇಕೇ ಬೇಕು. ಆದುದರಿಂದ ಒಂದು ಪಾಕವು ಸುರೆಯೋ ಧಾನ್ಯಾಮ್ಲವೋ ಎಂದು ನಿರ್ಣಯಿಸಲು ಅದರಲ್ಲಿ ಸಿಹಿಗೊಳಿಸುವ ಸಾಧನವಿದೆಯೇ ಎಂದು ಮೊದಲು ನೋಡಬೇಕು.

೩. ಗ್ರಂಥೋಕ್ತವಾದ ವಿಧಿಗಳು

ವೈದಿಕ ಸೌತ್ರಾಮಣೀ ಯಾಗದಲ್ಲಿ ಸುರಾಸಂಧಾನದ ವಿಧಿಯು ವಿಸ್ತಾರವಾಗಿ ಬರುತ್ತದೆ. ವಾಜಸನೇಯಿ ಸಂಹಿತೆಯ ೧೯ನೆಯ ಅಧ್ಯಾಯವೂ ಶತಪಥಬ್ರಾಹ್ಮಣದ ೧೨ನೆಯ ಕಾಂಡವೂ ಇದಕ್ಕೆ ಸಂಬಂಧಿಸಿದುವು. ಅಲ್ಲಿ ಬೇಕಾದ ದ್ರವ್ಯಗಳು ಶಷ್ಪ, ತೋಕ್ಮ, ಲಾಜ, ನಗ್ನಹು, ಮಾಸರ. ವ್ಯಾಖ್ಯಾನಕಾರರ ಪ್ರಕಾರ ಶಷ್ಪವೆಂದರೆ ಮೊಳೆತ ಬತ್ತ, ತೋಕ್ಮವೆಂದರೆ ಮೊಳೆತ ಯವ, ಲಾಜವೆಂದರೆ ಅರಳು, ನಗ್ನಹುವೆಂದರೆ ಮೂಲಿಕೆಗಳ ಪುಡಿಗಳಿಂದಾದ ಹುದುಗು, ಮಾಸರವೆಂದರೆ ಬೇಯಿಸಿದ ಧಾನ್ಯದ ತಿಳಿಯಲ್ಲಿ ಪುಡಿಗಳನ್ನು ಬೆರೆಸಿದ ದ್ರವ. ಇವನ್ನು ಕೂಡಿಸಿ ಮೂರು ರಾತ್ರಿ ಇರಿಸಿ ಸೋಸಬೇಕು. ಮೊಳೆತ ಧಾನ್ಯವು ಇಲ್ಲಿ ಎರಡು ಹೆಸರುಗಳಿಂದ ಬಂದಿರುವುದು ವಿಚಾರಾರ್ಹ. ಯವದ ಮೊಳಕೆಯನ್ನು ಬೆಂದ ಧಾನ್ಯದೊಡನೆ ಕೂಡಿಸುವುದೆಂದರೆ ಪಾಶ್ಚಾತ್ಯರ ಬೀರ್ ಪಾಕದ ಮೂಲತತ್ತ್ವವೇ ಆಗಿದೆ.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕ್ರಮವು ಬೇರೆ. ಈ ಗ್ರಂಥದ ತಾಳೆಯೋಲೆಯ ಪ್ರತಿಯು ೧೯೦೫ರಲ್ಲಿ ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ದೊರೆತು, ೧೯೦೯ರಲ್ಲಿ ಮುದ್ರಿತವಾದುದು ಕನ್ನಡಿಗರಿಗೆ ವಿದಿತವೇ ಇದೆ. ಅದರ ಎರಡನೆಯ ಅಧಿಕರಣದ ೨೫ನೆಯ ಅಧ್ಯಾಯವಾದ ಸುರಾಧ್ಯಕ್ಷಪ್ರಕರಣದಲ್ಲಿ ಮೇದಕ, ಪ್ರಸನ್ನಾ, ಆಸವ, ಅರಿಷ್ಟ, ಮೈರೇಯ, ಮಧು ಎಂದು ಆರು ಬಗೆಗಳನ್ನು ಹೇಳಿದೆ. ಮೇದಕಕ್ಕೆ ಒಂದು ದ್ರೋಣ ನೀರು, ಅರ್ಧ ಆಢಕ ಅಕ್ಕಿ, ಮೂರು ಪ್ರಸ್ಥ ಕಿಣ್ವ. ನಾಲ್ಕು ಪ್ರಸ್ಥಗಳಿಗೆ ಒಂದು ಆಢಕ, ನಾಲ್ಕು ಆಢಕಗಳಿಗೆ ಒಂದು ದ್ರೋಣ. ಆದುದರಿಂದ ೧೬ ಪಾಲು ನೀರಿಗೆ ೨ ಪಾಲು ಅಕ್ಕಿ, ೩ ಪಾಲು ಕಿಣ್ವ ಎಂದಾಯಿತು. ಅಕ್ಕಿಗಿಂತಲೂ ಕಿಣ್ವವೇ ಹೆಚ್ಚು. ಕಿಣ್ವವೆಂದರೆ ಹಾಲಿಗೆ ಹಾಕುವ ಹೆಪ್ಪಿನಂತೆ ಒಂದು ಚಿಟಿಕೆಯ ದ್ರವ್ಯವಲ್ಲವೆಂಬುದು ಇದರಿಂದ ಸ್ಪಷ್ಟ. ಅದನ್ನು ಕಟ್ಟುವ ಕ್ರಮವೂ ಅಲ್ಲಿಯೇ ಇದೆ: ಒಂದು ದ್ರೋಣ ಉದ್ದಿನ ಹಿಟ್ಟು, ಹಸಿಯದಾಗಲಿ ಬೆಂದುದಾಗಲಿ; ಅದರ ಮೂರನೆಯ ಒಂದು ಪಾಲಿನಷ್ಟು ಹೆಚ್ಚಾಗಿ ಅಕ್ಕಿ; ಮೊರಟ ಮೊದಲಾದ ಮೂಲಿಕೆಗಳು ಒಂದೊಂದು ಕರ್ಷ. ಉದ್ದು ಅಕ್ಕಿಗಳ ಈ ಜೋಡಿಯು ಇಂದಿನ ಇಡ್ಡಲಿಯ ಹಿಟ್ಟನ್ನು ನೆನಪಿಗೆ ತರುತ್ತದೆ. ಮೊಳಕೆಯ ಮಾತು ಮೇದಕದ ವಿಧಿಯಲ್ಲಿ ಇಲ್ಲ. ಅದರ ಕೆಲಸವನ್ನು ಮೊದಲೇ ಕಟ್ಟಿಟ್ಟ ಕಿಣ್ವವು ವಹಿಸಿಕೊಂಡಿದೆ. ಹಿಮಾಲಯದ ತಪ್ಪಲಿನ ಜನರು ಧಾನ್ಯದ ಮದ್ಯಕ್ಕೆ ಇಂದಿಗೂ ಬಳಸುವ ಹುದುಗಿನ ಬಿಲ್ಲೆಗಳಲ್ಲಿ ಪಿಷ್ಟವನ್ನು ಸಿಹಿಗೊಳಿಸುವ ಬೂಷ್ಟೂ ಸಿಹಿಯನ್ನು ಮದ್ಯವಾಗಿಸುವ ಯೀಸ್ಟೂ ಒಟ್ಟಿಗೆ ಇರುತ್ತವೆ. ಪ್ರಾಚೀನ ಭಾರತದ ಮದ್ಯಗಳನ್ನು ಕುರಿತು ಜೇಮ್ಸ್ ಮ್ಯಾಕ್‌ಹ್ಯೂ ಎಂಬ ವಿದ್ವಾಂಸರು ೨೦೨೧ರಲ್ಲಿ ಪ್ರಕಟಿಸಿದ ಗ್ರಂಥವು ಈ ವಿಷಯದಲ್ಲಿ ಅವಶ್ಯವಾಗಿ ನೋಡತಕ್ಕದ್ದು.

ಉಪಾಧ್ಯಾಯರು ಇಲ್ಲಿ ಒಂದು ಎಚ್ಚರಿಕೆಯನ್ನು ವಹಿಸಬೇಕು. ಇಂದಿನ ಕನ್ನಡ ವಿಜ್ಞಾನಗ್ರಂಥಗಳಲ್ಲಿ 'ಕಿಣ್ವ'ವೆಂದರೆ ಎನ್‌ಜೈಮ್, ಅಂದರೆ ಮೇಲೆ ಹೇಳಿದ ಪಾಚಕದ್ರವ್ಯ. ಕೌಟಿಲ್ಯನ ಕಿಣ್ವವು ಅದಲ್ಲ; ಅದು ಜೀವವುಳ್ಳ ಹುದುಗಿನ ಹಿಟ್ಟು. ವಿದ್ಯಾರ್ಥಿಯು ಹೊಸ ಅರ್ಥವನ್ನು ಹಳೆಯ ಗ್ರಂಥದೊಳಗೆ ಓದಿದರೆ ಮೂರು ಪ್ರಸ್ಥದ ಲೆಕ್ಕವು ಅವನಿಗೆ ಅರ್ಥವಾಗದು.

ಇನ್ನು ವೈದ್ಯಗ್ರಂಥಗಳು. ಚರಕಸಂಹಿತೆಯ ಸೂತ್ರಸ್ಥಾನದ ೨೫ನೆಯ ಅಧ್ಯಾಯದಲ್ಲಿ ೮೪ ಆಸವಗಳನ್ನು ಎಣಿಸುವಾಗ ಧಾನ್ಯದಿಂದಾಗುವವು ಆರು ಎಂದು ಹೇಳಿದೆ: ಸುರಾ, ಸೌವೀರ, ತುಷೋದಕ, ಮೈರೇಯ, ಮೇದಕ, ಧಾನ್ಯಾಮ್ಲ. ಮದಕರವಾದ ಸುರೆಯೂ ಹುಳಿಯಾದ ಧಾನ್ಯಾಮ್ಲವೂ ಇಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತಿವೆ. ಸೌವೀರವು ಹೊಟ್ಟು ತೆಗೆದ ಯವದಿಂದ, ತುಷೋದಕವು ಹೊಟ್ಟಿನೊಡನೆ ಇರುವ ಯವದಿಂದ ಆಗುತ್ತದೆ. ಶಾರ್ಙ್ಗಧರಸಂಹಿತೆಯ ಮಧ್ಯಮಖಂಡದಲ್ಲಿಯೂ ಸುರೆ, ಶುಕ್ತ, ತುಷಾಂಬು, ಸೌವೀರ, ಕಾಂಜಿಕಗಳು ಸಂಧಾನವೆಂಬ ಒಂದೇ ಅಧ್ಯಾಯದಲ್ಲಿವೆ. ವೈದ್ಯರಿಗೆ ಮುಖ್ಯವಾದುದು ದ್ರವ್ಯವೂ ಸಂಸ್ಕಾರವೂ. ದ್ರವವನ್ನು ಮುಚ್ಚಿಟ್ಟು ಹುದುಗಿಸುವ ಸಂಸ್ಕಾರವು ಎಲ್ಲಕ್ಕೂ ಸಮಾನವಾದುದರಿಂದ ವರ್ಗವೂ ಒಂದಾಯಿತು.

ಅಮರಸಿಂಹನ ದೃಷ್ಟಿಯು ಬೇರೆ. ಅವನು ಸುರೆ, ಸಂಧಾನ, ಕಿಣ್ವ, ನಗ್ನಹುಗಳನ್ನು ದ್ವಿತೀಯಕಾಂಡದ ಶೂದ್ರವರ್ಗದಲ್ಲಿ ಇಟ್ಟು, ಕಾಂಜಿಕವನ್ನೂ ಅದರ ಪರ್ಯಾಯಗಳಾದ ಆರನಾಲ, ಸೌವೀರ, ಧಾನ್ಯಾಮ್ಲಾದಿಗಳನ್ನೂ ವೈಶ್ಯವರ್ಗದಲ್ಲಿ, ಅಡಿಗೆಯ ಪದಾರ್ಥಗಳ ನಡುವೆ ಇಟ್ಟಿದ್ದಾನೆ. ಒಂದು ಮದ್ಯಶಾಲೆಗೆ, ಒಂದು ಪಾಕಶಾಲೆಗೆ. ವೈದ್ಯನು ಪ್ರಕ್ರಿಯೆಯನ್ನು ನೋಡಿ ವಿಂಗಡಿಸಿದನು. ಕೋಶಕಾರನು ಬಳಕೆಯನ್ನು ನೋಡಿ ವಿಂಗಡಿಸಿದನು. ಚರಕನ ಪಟ್ಟಿಯನ್ನು ಮಾತ್ರ ನೋಡಿದವರಿಗೆ ಸೌವೀರವು ಮದ್ಯವೆಂದು ತೋರುವುದಕ್ಕೂ, ಅಮರನನ್ನು ಮಾತ್ರ ನೋಡಿದವರಿಗೆ ಅದು ಬರಿಯ ಗಂಜಿಯೆಂದು ತೋರುವುದಕ್ಕೂ ಕಾರಣವಿದು.

೪. ದಢೇಸುಗೂರಿನ ಸೀಮೆಯ ಅಂಬಲಿ

ಸಿಂಧನೂರಿನಿಂದ ಸಿರುಗುಪ್ಪಕ್ಕೆ ಹೋಗುವ ಮಾರ್ಗದಲ್ಲಿ ತುಂಗಭದ್ರೆಯ ಸಮೀಪದಲ್ಲಿರುವ ದಢೇಸುಗೂರಿನ ಹೆಸರು ಇಂದು ಬತ್ತದ ಸಂಬಂಧದಲ್ಲಿಯೇ ಹೆಚ್ಚಾಗಿ ಕೇಳಿಬರುತ್ತದೆ. ರಾಯಚೂರಿನ ಕೃಷಿ ವಿಶ್ವವಿದ್ಯಾನಿಲಯಕ್ಕೆ ಸೇರಿದ ಸಂಶೋಧನ ಕೇಂದ್ರವೊಂದು ಅಲ್ಲಿದ್ದು, ಬತ್ತದ ತಳಿಗಳ ವಿಷಯದಲ್ಲಿ ಕೆಲಸಮಾಡುತ್ತದೆ. ಆದರೆ ೧೯೫೩ರಲ್ಲಿ ತುಂಗಭದ್ರಾ ಅಣೆಕಟ್ಟಿನಲ್ಲಿ ನೀರು ನಿಂತು, ಎಡದಂಡೆಯ ಕಾಲುವೆಯು ಈ ಎರೆಯ ಭೂಮಿಗೆ ಹರಿಯುವುದಕ್ಕೆ ಮುಂಚೆ ಇದು ಮುಖ್ಯವಾಗಿ ಜೋಳದ ನಾಡು. ಜೋಳವೆಂದರೆ ಅನ್ನವೆಂಬಷ್ಟು ಆ ಶಬ್ದಕ್ಕೆ ಕನ್ನಡದಲ್ಲಿ ವ್ಯಾಪ್ತಿಯಿದ್ದುದನ್ನು 'ಜೋಳವಾಳಿ'ಯೆಂಬ ಹಳಗನ್ನಡದ ಮಾತೇ ಸಾರುತ್ತದೆ.

ಈ ಸೀಮೆಯಲ್ಲಿಯೂ ಸುತ್ತಣ ಜಿಲ್ಲೆಗಳಲ್ಲಿಯೂ ಜೋಳದ ಹುಳಿಯಂಬಲಿಯನ್ನು ಮಾಡುವ ಕ್ರಮವು ಹೀಗಿದೆ. ಜೋಳದ ಹಿಟ್ಟನ್ನಾಗಲಿ ನುಚ್ಚನ್ನಾಗಲಿ ನೀರಿನಲ್ಲಿ ತೆಳ್ಳಗೆ ಕಲಸಿ, ಹಿಂದಿನ ದಿನದ ಹುಳಿಯನ್ನೋ ಹುಳಿಮಜ್ಜಿಗೆಯನ್ನೋ ಸ್ವಲ್ಪ ಬೆರೆಸಿ, ಗಡಿಗೆಯ ಬಾಯನ್ನು ಮುಚ್ಚಿ ರಾತ್ರಿಯೆಲ್ಲ ಬಿಡುವರು. ಬೇಸಗೆಯಲ್ಲಿ ಒಂದು ರಾತ್ರಿ ಸಾಕು. ಚಳಿಯಲ್ಲಿ ಇನ್ನೂ ಕೆಲವು ಹೊತ್ತು ಬೇಕು. ಬೆಳಗ್ಗೆ ಎಸರು ಕುದಿಯುತ್ತಿರುವಾಗ ಈ ಹುಳಿಹಿಟ್ಟನ್ನು ಸುರಿದು, ಗಂಟು ಕಟ್ಟದಂತೆ ತಿರುವಿ ಬೇಯಿಸುವರು. ಆರಿದ ಮೇಲೆ ಮಜ್ಜಿಗೆ, ಉಪ್ಪು, ಜಜ್ಜಿದ ಬೆಳ್ಳುಳ್ಳಿ, ಉಳ್ಳಾಗಡ್ಡಿಗಳನ್ನು ಕೂಡಿಸಿ ಕುಡಿಯುವರು. ಹಳೆಯ ಗಡಿಗೆಯಲ್ಲಿಯೇ ಮತ್ತೆ ಮತ್ತೆ ಹಿಟ್ಟನ್ನು ನೆನೆಯಿಡುವುದರಿಂದ ಗಡಿಗೆಯ ಮೈಯೇ ಹೆಪ್ಪಾಗುತ್ತದೆ.

ಇನ್ನೊಂದು ಕ್ರಮದಲ್ಲಿ ಮೊದಲು ಬೇಯಿಸಿ, ಬೆಂದುದನ್ನು ನೀರಿನಲ್ಲಿ ಬಿಟ್ಟು ಹುಳಿಮಾಡುತ್ತಾರೆ. ಅನ್ನವನ್ನು ನೀರಿನಲ್ಲಿಟ್ಟು ಮರುದಿನ ಹುಳಿನೀರಿನೊಡನೆ ಉಣ್ಣುವುದು ಈ ಬಗೆಯದು. ನೆರೆಯ ತೆಲುಗರು ಇಂಥ ಹುಳಿನೀರನ್ನು ತರವಾಣಿ ಎನ್ನುತ್ತಾರೆ. ಗ್ರಂಥೋಕ್ತವಾದ ಕಾಂಜಿಕವು ಈ ಎರಡನೆಯ ಕ್ರಮಕ್ಕೆ ಸೇರಿದ್ದು. ಬೇಯಿಸಿದ ಮೇಲೆ ಹುಳಿಯೇರುವುದರಿಂದ ಇದರಲ್ಲಿ ಸೂಕ್ಷ್ಮಜೀವಿಗಳು ಬದುಕಿಯೇ ಇರುತ್ತವೆ, ಬಹುದಿನವಿಟ್ಟರೆ ಹುಳಿಯು ತೀಕ್ಷ್ಣವಾಗುತ್ತ ಹೋಗುತ್ತದೆ. ಪಾದರಸದ ಸ್ವೇದನಕ್ಕೆ ಬೇಕಾದುದು ಇಂಥ ತೀಕ್ಷ್ಣವಾದ ಹುಳಿ.

ಅಂಬಲಿಯು ಏಕೆ ಮದಕರವಲ್ಲವೆಂಬುದಕ್ಕೆ ಕಾರಣಗಳು ಮೂರು. ಮೊಳಕೆಯೂ ಕಿಣ್ವವೂ ಇಲ್ಲದುದರಿಂದ ಪಿಷ್ಟವು ಸಕ್ಕರೆಯಾಗುವುದು ಅತ್ಯಲ್ಪ. ಇದ್ದ ಸಕ್ಕರೆಯ ಬಹುಭಾಗವು ಒಂದು ರಾತ್ರಿಯೊಳಗೆ ಅಮ್ಲಕ್ಕೆ ವೆಚ್ಚವಾಗುತ್ತದೆ. ಕೊನೆಗೆ ಕುದಿಯುವ ಎಸರಿನಲ್ಲಿ ಯೀಸ್ಟು ಸಾಯುತ್ತದೆ, ಅಷ್ಟಿಷ್ಟು ಮದ್ಯಸಾರವಿದ್ದರೆ ಅದೂ ಹಬೆಯಾಗಿ ಹೋಗುತ್ತದೆ. ಹುಳಿ ಮಾತ್ರ ಉಳಿಯುತ್ತದೆ. ಆ ಹುಳಿಯೇ ಹೊಲದ ಕೆಲಸಕ್ಕೆ ಬುತ್ತಿಯಾಗಿ ಹೋಗುವ ಅಂಬಲಿಯನ್ನು ಬಿಸಿಲಿನಲ್ಲಿಯೂ ಬೇಗ ಕೆಡದಂತೆ ಕಾಯುತ್ತದೆ.

ಇಲ್ಲಿ ಜೋಳವನ್ನು ಮೊಳಕೆ ಬರಿಸದಿರುವುದಕ್ಕೆ ಇನ್ನೊಂದು ಗುಣವೂ ಉಂಟು. ಜೋಳದ ಎಳೆಯ ಸಸಿಯಲ್ಲಿ ಧುರ್ರಿನ್ ಎಂಬ ದ್ರವ್ಯವಿದ್ದು, ಅದು ಒಡೆದಾಗ ಸಯನೈಡ್ ವಿಷವು ಹುಟ್ಟುತ್ತದೆ. ಎಳೆಯ ಜೋಳವನ್ನು ಮೇದ ದನಗಳು ಸಾಯುವುದನ್ನು ಒಕ್ಕಲಿಗರು ಬಲ್ಲರು. ಮೊಳಕೆಯ ಜೋಳದಲ್ಲಿಯೂ ಇದೇ ದೋಷವಿರುವುದರಿಂದ, ಅದನ್ನು ಬಳಸುವವರು ಒಣಗಿಸಿ, ಬೇರನ್ನೂ ಮೊಳಕೆಯನ್ನೂ ಉಜ್ಜಿ ತೆಗೆದುಬಿಡಬೇಕಾಗುತ್ತದೆ. ಹಿಟ್ಟನ್ನೇ ಹುಳಿಗೊಳಿಸುವ ಅಂಬಲಿಯ ಮಾರ್ಗದಲ್ಲಿ ಈ ಭಯವೇ ಇಲ್ಲ.

೫. ಅದೇ ಜೋಳ, ಬೇರೆ ದೇಶ

ಜೋಳವು ಈ ದೇಶದಲ್ಲಿ ಮೊದಲು ಹುಟ್ಟಿದ ಧಾನ್ಯವಲ್ಲ. ಆಫ್ರಿಕಾ ಖಂಡದ ಈಶಾನ್ಯಭಾಗದಲ್ಲಿ, ಸೂಡಾನಿನ ಕಡೆಯಲ್ಲಿ ಕೃಷಿಗೆ ಬಂದು, ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದಲ್ಲಿ ಭಾರತವನ್ನು ಸೇರಿತೆಂದು ವಿದ್ವಾಂಸರ ಸಾಮಾನ್ಯಾಭಿಪ್ರಾಯ. ಆದುದರಿಂದ ಅದರ ತವರಿನ ಖಂಡದಲ್ಲಿ ಅದನ್ನು ಹೇಗೆ ಹುಳಿಗೊಳಿಸುತ್ತಾರೆಂದು ನೋಡುವುದು ಅಪ್ರಸ್ತುತವಾಗದು.

ಬೋಟ್ಸ್ವಾನಾ ಮತ್ತು ದಕ್ಷಿಣ ಆಫ್ರಿಕಾಗಳಲ್ಲಿ ಟಿಂಗ್ ಎಂಬ ಆಹಾರವಿದೆ. ಜೋಳದ ಹಿಟ್ಟನ್ನು ನೀರಿನಲ್ಲಿ ಕಲಸಿ, ಹಳೆಯ ಹುಳಿಯನ್ನು ಬೆರೆಸಿ, ಹುಳಿಬಂದ ಮೇಲೆ ಬೇಯಿಸುವುದೇ ಅದರ ಕ್ರಮ. ಹೆಸರೊಂದನ್ನು ಬಿಟ್ಟರೆ ಇದು ಅಂಬಲಿಯೇ. ಅದೇ ಸೀಮೆಯಲ್ಲಿ ಜೋಳದ ಹುಳಿಬೀರ್ ಕೂಡ ಪ್ರಸಿದ್ಧವಾಗಿದೆ. ಅದರ ಪಾಕಕ್ರಮವನ್ನು ಹೀಗೆ ಸಂಗ್ರಹಿಸಬಹುದು: ಮೊಳಕೆಯ ಜೋಳದ ಹಿಟ್ಟನ್ನು ನೀರಿನಲ್ಲಿ ಕಲಸಿ ಸುಮಾರು ೫೦ ಡಿಗ್ರಿಯ ಬೆಚ್ಚನೆಯಲ್ಲಿ ಹುಳಿಗೊಳಿಸುವುದು, ಆ ಹುಳಿಯೊಡನೆ ಬೇರೆ ಹಿಟ್ಟನ್ನು ಕೂಡಿಸಿ ಕುದಿಸಿ ಅಂಬಲಿಮಾಡುವುದು, ಸುಮಾರು ೬೦ ಡಿಗ್ರಿಗೆ ಆರಿದ ಮೇಲೆ ಮತ್ತಷ್ಟು ಮೊಳಕೆಹಿಟ್ಟನ್ನು ಬೆರೆಸಿ ಸಿಹಿಗೊಳಿಸುವುದು, ಸೋಸಿ, ಇನ್ನೂ ಆರಿಸಿ, ಯೀಸ್ಟಿನಿಂದ ಹುದುಗಿಸುವುದು.

ಮೊದಲು ಕುದಿಸಿ ಆಮೇಲೆ ಮೊಳಕೆಯನ್ನು ಹಾಕುವುದೇಕೆಂದರೆ, ಜೋಳದ ಪಿಷ್ಟವು ಸುಮಾರು ೭೦ ಡಿಗ್ರಿಯನ್ನು ಮುಟ್ಟಿದಲ್ಲದೆ ಚೆನ್ನಾಗಿ ಅರಳದು. ಆ ಬಿಸಿಯನ್ನು ಮೊಳಕೆಯ ಪಾಚಕಗಳು ಬಹುಕಾಲ ತಡೆಯಲಾರವು. ಯವದಲ್ಲಿ ಪಿಷ್ಟವು ಇನ್ನೂ ಕಡಮೆ ಬಿಸಿಯಲ್ಲಿ ಅರಳುವುದರಿಂದ ಎರಡು ಕೆಲಸಗಳೂ ಒಂದೇ ಪಾತ್ರೆಯಲ್ಲಿ ಒಂದೇ ಕಾಲಕ್ಕೆ ನಡೆಯುತ್ತವೆ. ಜೋಳದಲ್ಲಿ ಅವನ್ನು ಬೇರ್ಪಡಿಸಲೇಬೇಕು.

ಈ ಕ್ರಮವನ್ನು ದಢೇಸುಗೂರಿನ ಸೀಮೆಯ ಪಾಕದೊಡನೆ ಹೋಲಿಸಿದರೆ ಕವಲೊಡೆಯುವ ಸ್ಥಳವು ಕಣ್ಣಿಗೆ ಕಟ್ಟುತ್ತದೆ. ಹುಳಿಗೊಳಿಸುವುದು ಎರಡರಲ್ಲಿಯೂ ಇದೆ, ಕುದಿಸುವುದೂ ಎರಡರಲ್ಲಿಯೂ ಇದೆ. ಕುದಿಸಿ ಆರಿಸಿದ ಹುಳಿಯಂಬಲಿಯನ್ನು ಹಾಗೆಯೇ ಕುಡಿದರೆ ಅದು ಆಹಾರ; ಅದಕ್ಕೆ ಮೊಳಕೆಹಿಟ್ಟನ್ನು ಬೆರೆಸಿ ಹುದುಗಿಸಿದರೆ ಸುರೆ. ಚರಕನು ಸುರೆಯನ್ನೂ ಧಾನ್ಯಾಮ್ಲವನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದುದು, ಅಮರನು ಬೇರೆ ಬೇರೆ ವರ್ಗಗಳಲ್ಲಿ ಇಟ್ಟುದು, ಎರಡೂ ಇದರಿಂದ ಉಪಪನ್ನವಾಗುತ್ತವೆ. ದಾರಿಯು ಬಹುದೂರ ಒಂದೇ, ತುದಿಯಲ್ಲಿ ಎರಡು.

೬. ಪಾಶ್ಚಾತ್ಯರ ಹುಳಿಬೀರ್ ಮತ್ತು ಸರಳೀಕರಣ

ಯೂರೋಪಿನಲ್ಲಿಯೂ ಇದಕ್ಕೆ ಸಮಾನವಾದ ಉದಾಹರಣೆ ದೊರೆಯುತ್ತದೆ. ಬೆಲ್ಜಿಯಂ ದೇಶದ ಬ್ರಸೆಲ್ಸ್ ನಗರದ ಸುತ್ತಣ ಲ್ಯಾಂಬಿಕ್ ಎಂಬ ಹುಳಿಬೀರಿಗೆ ಮೊಳೆತ ಯವದೊಡನೆ ಮೊಳೆಯದ ಗೋದಿಯನ್ನು ಮೂರನೆಯ ಒಂದು ಪಾಲಿನಷ್ಟೋ ಅದಕ್ಕಿಂತ ಕೊಂಚ ಹೆಚ್ಚಾಗಿಯೋ ಸೇರಿಸುತ್ತಾರೆ. ಕಲಸಿದ ಹಿಟ್ಟಿನಿಂದ ಕದಡಿದ ಬಿಳಿಯ ದ್ರವವನ್ನು ಆಗಾಗ ತೆಗೆದು, ಬೇರೆ ಪಾತ್ರೆಯಲ್ಲಿ ಕುದಿಸಿ, ಮತ್ತೆ ಹೊಯ್ದು, ಮೆಟ್ಟಿಲುಮೆಟ್ಟಿಲಾಗಿ ಬಿಸಿಯನ್ನು ಏರಿಸುವುದು ಅಲ್ಲಿಯ ಸಂಪ್ರದಾಯ. ಇದರ ಪ್ರಯೋಜನವೆಂದರೆ ಪಿಷ್ಟವೆಲ್ಲ ಸಕ್ಕರೆಯಾಗದೆ ಕೆಲವು ಭಾಗ ಅರೆಯಾಗಿ ಉಳಿಯುವುದು. ಒಂದರಿಂದ ಮೂರು ವರ್ಷಗಳವರೆಗೆ ಪೀಪಾಯಿಗಳಲ್ಲಿ ನಿಧಾನವಾಗಿ ಕೆಲಸಮಾಡುವ ಸೂಕ್ಷ್ಮಜೀವಿಗಳಿಗೆ ಅದು ಗ್ರಾಸ.

ಮನೆಯಲ್ಲಿ ಬೀರ್ ಮಾಡಿಕೊಳ್ಳುವ ಪಾಶ್ಚಾತ್ಯರು ಈ ಶ್ರಮವನ್ನು ಎರಡು ಬಗೆಯಲ್ಲಿ ಕಡಮೆಮಾಡಿದ್ದಾರೆ. ಒಂದೇ ಬಿಸಿಯಲ್ಲಿ, ೬೮ ಡಿಗ್ರಿಯ ಮೇಲೆ ಕಲಸಿಟ್ಟು ಅರೆಪಿಷ್ಟವನ್ನು ಉಳಿಸಿಕೊಳ್ಳುವುದು ಮೊದಲನೆಯದು. ಬೇಕಾದರೆ ಕುದಿಸುವಾಗ ಒಂದಿಷ್ಟು ಹಿಟ್ಟನ್ನು ಬೆರೆಸುವುದೂ ಉಂಟು. ಎರಡನೆಯದು, ಸಿಹಿದ್ರವವನ್ನು ಸುಮಾರು ೪೦ ಡಿಗ್ರಿಯಲ್ಲಿ ಒಂದೆರಡು ದಿನ ಹುಳಿಗೊಳಿಸಿ, ಆಮೇಲೆ ಕುದಿಸಿ, ಅನಂತರ ಯೀಸ್ಟನ್ನು ಹಾಕುವುದು. ಈ ಎರಡನೆಯ ಮಾರ್ಗವನ್ನು ಪರಿಶೀಲಿಸಿದರೆ, ಹುಳಿಯನ್ನು ಮೊದಲು ಮುಗಿಸಿ ಕುದಿಯಿಂದ ಅದನ್ನು ನಿಲ್ಲಿಸುವ ಅಂಬಲಿಯ ಕ್ರಮವೇ ಇದರಲ್ಲಿಯೂ ಇದೆಯೆಂಬುದು ತಿಳಿಯುತ್ತದೆ. ವರ್ಷಗಳ ಕೆಲಸವನ್ನು ದಿನಗಳಿಗೆ ಇಳಿಸುವ ಉಪಾಯವೆಂದು ಅಲ್ಲಿ ಕಂಡುಕೊಂಡ ಕ್ರಮವನ್ನು ಇಲ್ಲಿಯ ಅಡಿಗೆಮನೆಯು ದಿನನಿತ್ಯವೂ ನಡೆಸುತ್ತ ಬಂದಿದೆ. ಕರ್ನಾಟಕದಲ್ಲಿ ೧೯೬೫ರ ಅಬಕಾರಿ ಶಾಸನದಂತೆ ಪರವಾನಗಿಯಿಲ್ಲದೆ ಮದ್ಯವನ್ನು ತಯಾರಿಸುವುದು ಅಪರಾಧವಾದುದರಿಂದ, ಪಾಕದ ಕೊನೆಯ ಹಂತವು ಇಲ್ಲಿ ಕೇವಲ ಜ್ಞಾನಾರ್ಥವಾಗಿ ಹೇಳಲ್ಪಟ್ಟಿದೆ.

ಇದೇ ದೃಷ್ಟಿಯಿಂದ ನಮ್ಮ ಗ್ರಂಥೋಕ್ತ ವಿಧಿಗಳನ್ನೂ ಒಂದು ಶ್ರೇಣಿಯಾಗಿ ಜೋಡಿಸಬಹುದು. ಸೌತ್ರಾಮಣಿಯಲ್ಲಿ ಮೊಳಕೆ, ಅರಳು, ಹುದುಗು, ಬೆಂದ ಧಾನ್ಯ ಎಲ್ಲವೂ ಬೇಕು. ಕೌಟಿಲ್ಯನ ಮೇದಕದಲ್ಲಿ ಮೊಳಕೆಯು ಬಿದ್ದುಹೋಗಿ, ಧಾನ್ಯವೂ ಕಿಣ್ವವೂ ಉಳಿದುವು. ಕಾಂಜಿಕದಲ್ಲಿ ಕಿಣ್ವವೂ ಬಿದ್ದುಹೋಗಿ, ಬೆಂದ ಧಾನ್ಯವೂ ಕಾಲವೂ ಉಳಿದುವು. ಅಂಬಲಿಯಲ್ಲಿ ಕಾಲವೂ ಒಂದು ರಾತ್ರಿಗೆ ಇಳಿಯಿತು. ಇದು ಪ್ರಕ್ರಿಯೆಯ ಕ್ರಮವೇ ಹೊರತು ಕಾಲದ ಕ್ರಮವಲ್ಲ. ಯಾಗದ ಸುರೆಯಿಂದ ಅಂಬಲಿಯು ಹುಟ್ಟಿತೆಂದು ಇದರಿಂದ ಊಹಿಸಬಾರದು. ಸರಳವಾದುದು ಅರ್ವಾಚೀನವೇ ಆಗಬೇಕೆಂಬ ನಿಯಮವಿಲ್ಲ.

೭. ಅರ್ಥನಿರ್ಣಯ

ಇಷ್ಟರಿಂದ ಶಬ್ದಗಳ ವಿಷಯದಲ್ಲಿ ಕೆಲವು ನಿರ್ಣಯಗಳನ್ನು ಮಾಡಬಹುದು.

ಕಾಂಜಿಕಕ್ಕೆ 'ಧಾನ್ಯದ ಹುಳಿನೀರು' ಎಂದೇ ಅರ್ಥ ಬರೆಯಬೇಕು. ಕನ್ನಡದ 'ಗಂಜಿ'ಯು ಅದಕ್ಕೆ ಧ್ವನಿಯಲ್ಲಿ ಹತ್ತಿರವಾದರೂ ಇಂದಿನ ಬಳಕೆಯಲ್ಲಿ ಬೆಂದ ಅನ್ನದ ತಿಳಿ, ರೋಗಿಯ ಪಥ್ಯ, ಬಟ್ಟೆಗೆ ಹಾಕುವ ಪಿಷ್ಟ ಎಂಬ ಅರ್ಥಗಳನ್ನು ಪಡೆದು ಹುಳಿಯನ್ನು ಕಳೆದುಕೊಂಡಿದೆ. ಸೌವೀರ ತುಷೋದಕಗಳಿಗೆ 'ಯವದ ಹುಳಿನೀರು' ಎಂದು ಬರೆದು, ಹೊಟ್ಟಿನ ಭೇದವನ್ನು ಸೂಚಿಸಬೇಕು. ಸುರೆಗೆ 'ಕಳ್ಳು' ಎಂಬ ಅರ್ಥವೂ ಸಾಧುವಲ್ಲ. ಕಳ್ಳು ಮರದ ರಸದ್ದು, ಅದರಲ್ಲಿ ಸಿಹಿಯು ಮೊದಲೇ ಇರುವುದರಿಂದ ಮೊಳಕೆಯೂ ಕಿಣ್ವವೂ ಬೇಕಿಲ್ಲ. ಪೈಷ್ಟೀ ಸುರೆಗೆ 'ಧಾನ್ಯದ ಮದ್ಯ' ಎನ್ನುವುದು ಯುಕ್ತ.

ಅಂಬಲಿಯೆಂಬ ಶಬ್ದವೂ ವಿಚಾರಾರ್ಹವಾಗಿದೆ. ಪ್ರಾಕೃತದಲ್ಲಿ 'ಅಂಬಿಲ'ವೆಂದರೆ ಹುಳಿ; ಮರಾಠಿಯಲ್ಲಿ ಇದೇ ಬಗೆಯ ಪಾಕಕ್ಕೆ 'ಆಂಬೀಲ' ಎನ್ನುತ್ತಾರೆ. ಕನ್ನಡದ ಶಬ್ದವು ತದ್ಭವವಾಗಲಿ ದೇಶ್ಯವಾಗಲಿ, ಅದು ಹೆಸರಿಸುವ ಪದಾರ್ಥದ ಸಾರವು ಹುಳಿಯೇ ಎಂಬುದಕ್ಕೆ ಈ ಸಾಮ್ಯವು ಪೋಷಕವಾಗಿದೆ.

ಸ್ಮೃತಿಗಳನ್ನು ಓದುವಾಗಲೂ ಈ ಭೇದವು ಪ್ರಯೋಜನಕರ. ಮನುಸ್ಮೃತಿಯ ೧೧ನೆಯ ಅಧ್ಯಾಯವು ಸುರೆಯನ್ನು ಗೌಡೀ, ಪೈಷ್ಟೀ, ಮಾಧ್ವೀ ಎಂದು ಮೂರು ಬಗೆಯಾಗಿ ಹೇಳಿ ಮಹಾಪಾತಕದ ಪ್ರಕರಣದಲ್ಲಿ ನಿಷೇಧಿಸುತ್ತದೆ. ಶುಕ್ತದ, ಅಂದರೆ ಇಟ್ಟು ಹುಳಿಯಾದ ಪದಾರ್ಥದ ನಿಷೇಧವು ೫ನೆಯ ಅಧ್ಯಾಯದಲ್ಲಿ ಅಭಕ್ಷ್ಯಪ್ರಕರಣದಲ್ಲಿ ಬೇರೆಯಾಗಿ ಬಂದು, ಮೊಸರು ಮೊದಲಾದುವಕ್ಕೆ ಅಲ್ಲಿಯೇ ವಿನಾಯಿತಿಯೂ ಇದೆ. ಹುಳಿಯೂ ಮದವೂ ಒಂದಲ್ಲವೆಂಬುದನ್ನು ಸ್ಮೃತಿಕಾರನೇ ಬಲ್ಲನು. ಆದರೆ ಇಟ್ಟು ಹುಳಿಯಾದ ಅನ್ನವು ದ್ವಿಜರ ಎಲೆಗೆ ಸಲ್ಲದೆಂದೂ ಅವನ ಅಭಿಪ್ರಾಯ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಶರಣಸಾಹಿತ್ಯದಲ್ಲಿ ಪ್ರಸಿದ್ಧವಾದ ಮಾದಾರ ಚೆನ್ನಯ್ಯನ ಕಥೆಯನ್ನು ನೋಡಬೇಕು. ಚೋಳರಾಜನು ಅರ್ಪಿಸಿದ ಮೃಷ್ಟಾನ್ನವನ್ನು ಬಿಟ್ಟು ಶಿವನು ಚೆನ್ನಯ್ಯನ ಅಂಬಲಿಯನ್ನು ಸವಿದನೆಂದು ಆ ಕಥೆ. ಪಾಠದಲ್ಲಿ ಅಂಬಲಿಗೆ 'ಹಿಟ್ಟಿನ ಗಂಜಿ' ಎಂದು ಅರ್ಥ ಹೇಳಿದರೆ ಬಡವನ ಊಟವೆಂಬಷ್ಟು ಮಾತ್ರ ತಿಳಿಯುತ್ತದೆ. ಹುಳಿಯನ್ನು ನೆನೆದರೆ ಕಥೆಯ ಮೊನೆ ಕಾಣುತ್ತದೆ. ಅದು ಕೇವಲ ಬಡವನ ಊಟವಲ್ಲ, ಸ್ಮೃತಿಯು ಎಲೆಯಿಂದ ಹೊರಗಿಟ್ಟ ಜಾತಿಯ ಊಟ. ಅದನ್ನು ದೇವರು ಕೈಯೊಡ್ಡಿ ಪಡೆದನೆಂಬಲ್ಲಿ ಶರಣರ ಅಭಿಪ್ರಾಯವು ಅಡಗಿದೆ.

೮. ಉಪಸಂಹಾರ

ಪ್ರಾಚೀನ ಪಾಕಶಬ್ದಗಳಿಗೆ ಕೋಶವು ಹೆಸರನ್ನು ಕೊಡುತ್ತದೆ. ವೈದ್ಯಗ್ರಂಥವು ದ್ರವ್ಯವನ್ನು ಕೊಡುತ್ತದೆ. ಅರ್ಥವನ್ನು ಪೂರ್ಣಮಾಡುವುದು ಇಂದಿಗೂ ನಡೆಯುತ್ತಿರುವ ಪಾಕ. ಕಾಲುವೆಯ ನೀರು ಬಂದಮೇಲೆ ಸಿಂಧನೂರಿನ ಕಡೆಯ ಎರೆಯ ಹೊಲಗಳಲ್ಲಿ ಬತ್ತವು ಹಬ್ಬಿತು. ಜೋಳವು ಹಿಂದೆ ಸರಿದಂತೆ ಅಂಬಲಿಯ ಗಡಿಗೆಯೂ ಹಿಂದೆ ಸರಿಯುವುದು ಸಹಜ. ಶಬ್ದವು ಕೋಶದಲ್ಲಿ ಉಳಿದು ಪದಾರ್ಥವು ಮನೆಯಿಂದ ಹೋದರೆ ಮುಂದಿನವರಿಗೆ ವ್ಯಾಖ್ಯಾನವು ಕೇವಲ ಊಹೆಯಾಗುತ್ತದೆ. ಆದುದರಿಂದ ಹಿಟ್ಟನ್ನು ಯಾವ ಹೊತ್ತಿಗೆ ನೆನೆಯಿಡುತ್ತಾರೆ, ಹೆಪ್ಪಿಗೆ ಏನನ್ನು ಹಾಕುತ್ತಾರೆ, ಹುಳಿಯೆದ್ದುದನ್ನು ಯಾವ ಗುರುತಿನಿಂದ ಅರಿಯುತ್ತಾರೆ, ಅದಕ್ಕೆ ಯಾವ ಮಾತನ್ನು ಬಳಸುತ್ತಾರೆ ಎಂಬುದನ್ನು ಆಯಾ ಊರಿನ ಉಪಾಧ್ಯಾಯರು ಹಿರಿಯ ಹೆಂಗಸರಿಂದ ಕೇಳಿ ಬರೆದಿಡುವುದು ಅವಶ್ಯಕ. ಚರಕಾಮರರ ಟೀಕಾಕಾರರು ಬಿಟ್ಟುಹೋದ ಟಿಪ್ಪಣಿಯು ಆ ಗಡಿಗೆಯಲ್ಲಿದೆ.